ಒಂದು ಔತಣ, ಒಂದು ವ್ಯಂಗ್ಯಚಿತ್ರ

1884ರ ಅಕ್ಟೋಬರ್ 29ರ ರಾತ್ರಿ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಉಳಿದಿದ್ದದ್ದು ಆರೇ ದಿನ. ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ನ್ಯೂಯಾರ್ಕಿನ ಡೆಲ್ಮೊನಿಕೊ ಹೋಟೆಲಿನಲ್ಲಿ ಕೋಟ್ಯಧೀಶರ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ. ಪ್ರಚಾರಕ್ಕೆ ಹಣ ಕೂಡಿಸಬೇಕಿತ್ತು. ಹೊರಗೆ ನೋಡಿದರೆ ವ್ಯಾಪಾರ ಕುಸಿದು ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದರು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ.

ಮರುದಿನ ಜೋಸೆಫ್ ಪುಲಿಟ್ಜರನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಮುಖಪುಟದಲ್ಲಿ ವಾಲ್ಟ್ ಮೆಕ್‌ಡೂಗಲ್ ಬರೆದ ದೊಡ್ಡ ವ್ಯಂಗ್ಯಚಿತ್ರ ಬಂತು. ದಿನಪತ್ರಿಕೆಗಳಲ್ಲಿ ಚಿತ್ರವೇ ಅಪರೂಪವಾಗಿದ್ದ ಕಾಲ ಅದು. ಉದ್ದನೆಯ ಮೇಜು, ಬ್ಲೇನನ ಅಕ್ಕಪಕ್ಕ ರೈಲ್ವೆ ಒಡೆಯ ಜೇ ಗೂಲ್ಡ್ ಮೊದಲಾದ ಸಿರಿವಂತರು. ಬಡಿಸಿದ ಭಕ್ಷ್ಯಗಳ ಹೆಸರು ‘ಏಕಸ್ವಾಮ್ಯದ ಸೂಪು’, ‘ಲಾಬಿ ಪುಡಿಂಗು’! ಮೇಜಿನ ಮುಂದೆ ಹರಕು ಬಟ್ಟೆಯ ಗಂಡ, ಹೆಂಡತಿ, ಮಗು ತುತ್ತಿಗಾಗಿ ನಿಂತಿದ್ದಾರೆ. ಶೀರ್ಷಿಕೆಯಲ್ಲಿ ಬ್ಲೇನನಿಗೆ ಬೇಲ್ಶಚ್ಚರನೆಂಬ ಬಿರುದು. ಬೈಬಲಿನಲ್ಲಿ ಬರುವ ಈ ಬಾಬಿಲೋನಿನ ಅರಸ ಔತಣದ ರಾತ್ರಿಯೇ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನು. ಚರ್ಚಿಗೆ ಹೋಗುವ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಔತಣ ನಡೆದದ್ದು ನಿಜ. ಆದರೆ ಆ ಬಡ ಕುಟುಂಬ ಊಟದ ಮನೆಯಲ್ಲಿ ಇರಲೇ ಇಲ್ಲ. ಅದು ಚಿತ್ರಕಾರ ತಂದು ನಿಲ್ಲಿಸಿದ್ದು. ಹಾಗೆಂದು ಸುಳ್ಳೆನ್ನುವುದು ಹೇಗೆ? ಅಂಥ ಕುಟುಂಬಗಳು ಊರಿನಲ್ಲಿದ್ದವು. ಕಣ್ಣಿಗೆ ಬೇರೆಬೇರೆಯಾಗಿ ಬೀಳುವ ಎರಡು ನಿಜಗಳನ್ನು ಒಂದೇ ಚೌಕಟ್ಟಿಗೆ ಸೇರಿಸುವುದೇ ವ್ಯಂಗ್ಯಚಿತ್ರದ ಕಸುಬು. ಭಾಷಣಕ್ಕೆ ಪ್ರತಿಭಾಷಣ ಮಾಡಬಹುದು. ಆ ಮಗುವಿನ ಮುಖಕ್ಕೆ ಬ್ಲೇನ್ ಏನು ಉತ್ತರ ಕೊಟ್ಟಾನು?

ಡೆಮಾಕ್ರಟರು ಚಿತ್ರವನ್ನು ಭಿತ್ತಿಪತ್ರ ಮಾಡಿ ನ್ಯೂಯಾರ್ಕ್ ರಾಜ್ಯದಲ್ಲೆಲ್ಲ ಅಂಟಿಸಿದರು. ನವೆಂಬರ್ 4ರಂದು ಮತದಾನವಾಯಿತು. ಆ ರಾಜ್ಯದಲ್ಲಿ ಚಲಾಯಿಸಿದ್ದ 11 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಗ್ರೋವರ್ ಕ್ಲೀವ್‌ಲೆಂಡ್ ಗೆದ್ದದ್ದು ಸಾವಿರದ ಚಿಲ್ಲರೆ ಅಂತರದಿಂದ. ದೇಶದ ಒಟ್ಟು ಲೆಕ್ಕ 219–182. ನ್ಯೂಯಾರ್ಕಿನ 36 ಚುನಾಯಕ ಮತಗಳು ಅತ್ತ ಹೋಗಿದ್ದರೆ ಬ್ಲೇನನೇ ಅಧ್ಯಕ್ಷ.

ಚಿತ್ರವೊಂದೇ ಅವನನ್ನು ಸೋಲಿಸಿತು ಎಂದರೆ ಅತಿಯಾದೀತು. ಔತಣದ ದಿನ ಬೆಳಿಗ್ಗೆಯೇ ಬೆಂಬಲಿಗ ಪಾದ್ರಿಯೊಬ್ಬ ಅವನೆದುರಿನಲ್ಲೇ ಕ್ಯಾಥೊಲಿಕರನ್ನು ಹೀಗಳೆದು ಮಾತಾಡಿದ್ದ. ಐರಿಷ್ ಮತದಾರರು ಕೆರಳಿದ್ದರು. ವ್ಯಂಗ್ಯಚಿತ್ರಕಾರರೇನೂ ಕ್ಲೀವ್‌ಲೆಂಡನನ್ನು ಬಿಟ್ಟಿರಲಿಲ್ಲ. ಅವನ ಖಾಸಗಿ ಬದುಕನ್ನೂ ‘ಜಡ್ಜ್’ ವಾರಪತ್ರಿಕೆ ಬೀದಿಗೆಳೆದಿತ್ತು. ಇನ್ನು, ರಿಪಬ್ಲಿಕನ್ನರಿಗೆ ಆನೆಯ ಗುರುತು ಅಂಟುವಂತೆ 1874ರಲ್ಲಿ ಚಿತ್ರ ಬರೆದ ಥಾಮಸ್ ನಾಸ್ಟ್, ಈ ಸಲ ತನ್ನ ಪಕ್ಷ ಬಿಟ್ಟು ಕ್ಲೀವ್‌ಲೆಂಡನ ಕಡೆಗೆ ನಿಂತಿದ್ದ.