ಕಾಲುಬಾಯಿ ಜ್ವರ ‘ಬಂದುಹೋಗಿದೆ’ ಎನ್ನುವವರಿಗೆ

ಮರಳವಾಡಿ ಹೋಬಳಿಯ ಡೈರಿಗಳ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ: ‘ನಮ್ಮ ಹಸುವಿಗೆ ಕಾಲುಬಾಯಿ ಜ್ವರ ಬಂದುಹೋಗಿದೆ. ಇನ್ನು ಲಸಿಕೆ ಯಾಕೆ?’ ಹೇಳುವವರು ದನ ಕಟ್ಟಿಕೊಂಡೇ ಬಾಳಿದವರು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಚೇತರಿಸಿಕೊಂಡ ರಾಸಿನ ಮೈಯಲ್ಲಿ ಅದೇ ಬಗೆಯ ವೈರಾಣುವಿನ ವಿರುದ್ಧ ಹುಟ್ಟುವ ಶಕ್ತಿ ಲಸಿಕೆ ಕೊಡುವುದಕ್ಕಿಂತ ಹೆಚ್ಚು ಕಾಲ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ.

ತೊಡಕಿರುವುದು ‘ಅದೇ ಬಗೆಯ’ ಎಂಬಲ್ಲಿ. ಈ ವೈರಾಣುವಿನಲ್ಲಿ 7 ಬಗೆ. ನಮ್ಮ ದೇಶದ ಲಸಿಕೆಯಲ್ಲಿರುವುದು ಓ, ಎ, ಏಷ್ಯಾ-1 ಎಂಬ ಮೂರು. ಓ ಬಂದು ಗೆದ್ದ ಹಸುವಿಗೆ ನಾಳೆ ಎ ತಗುಲಿದರೆ ಹಳೆಯ ಶಕ್ತಿ ಕೈಹಿಡಿಯದು. ಕೋವಿಡ್ ನೆನೆಯಿರಿ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲೇ ಇವೆಯೆಂದು ತಿಳಿಯಿತು. ಡೆಲ್ಟಾ ಗೆದ್ದಿದ್ದ ಎಷ್ಟೋ ಮಂದಿ ಸಂಕ್ರಾಂತಿಯ ಹೊತ್ತಿಗೆ ಮತ್ತೆ ಕೆಮ್ಮುತ್ತಿದ್ದರು. ಅಲ್ಲಿ ಹಳೆಯ ಸೋಂಕು ಕಾಯಿಲೆಯ ಬಿರುಸನ್ನಾದರೂ ತಗ್ಗಿಸಿತು. ದನಗಳ ಈ ಜ್ವರದಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ಅಷ್ಟು ಆಸರೆಯೂ ಇಲ್ಲ.

‘ನಾಟಿ ದನಕ್ಕೆ ಏನೂ ಆಗದು’ ಎನ್ನುತ್ತಾರೆ. ಹಳ್ಳಿಕಾರ್ ಎತ್ತು ಬೇಗ ಸುಧಾರಿಸಿಕೊಂಡೀತು. ಅದರ ಜೊಲ್ಲು ಬಿದ್ದ ತೊಟ್ಟಿಯಲ್ಲಿ ನೀರು ಕುಡಿಯುವ ಪಕ್ಕದ ಮನೆಯ ಸೀಮೆಹಸುವಿನ ಗತಿ?

‘2013ರಲ್ಲಿ ಲಸಿಕೆ ಹಾಕಿಸಿದ್ದ ಹಸುಗಳೂ ಸತ್ತವಲ್ಲ?’ ಇದು ನೋವಿನಿಂದ ಬಂದ ಪ್ರಶ್ನೆ. ಆ ವರ್ಷ ರಾಮನಗರ, ಕೋಲಾರದ ಕಡೆಯೆಲ್ಲ ಜ್ವರ ಹಬ್ಬಿ, ರಾಜ್ಯದಲ್ಲಿ ಸಾವಿರಾರು ರಾಸುಗಳು ಹೋದವು. ಲಸಿಕೆಯ ಬಲ ಸುಮಾರು 6 ತಿಂಗಳು. ಒಂದು ಸುತ್ತು ತಪ್ಪಿದರೆ, ಔಷಧಿ 2ರಿಂದ 8 ಡಿಗ್ರಿಯ ತಂಪಿನಲ್ಲಿ ಉಳಿಯದೆ ಕೆಟ್ಟರೆ, ಅರ್ಧ ಊರು ಬೇಡವೆಂದರೆ ಅದು ಸೋಲುತ್ತದೆ. ಲಸಿಕೆ ಹಾಕಲು ಬಂದವರನ್ನು ಐಸ್ ಪೆಟ್ಟಿಗೆ ತೆರೆದು ತೋರಿಸಿ ಎಂದು ಕೇಳೋಣ, ಕೇಳಲೇಬೇಕು. ಆದರೆ ಹಸುವನ್ನು ಕೊಟ್ಟಿಗೆಯ ಹಿಂದೆ ಬಚ್ಚಿಡುವುದು ಬೇಡ.

ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆಂಬ ದೂರೂ ಇದೆ. ಆಗುವುದುಂಟು, ಕೆಲವೇ ದಿನ.

2013ರಲ್ಲಿ ಜ್ವರ ಬಂದರೂ ನಮ್ಮ ಮನೆಯ ಹಸು ಬದುಕಿತು. ಬಾಯಿಯ ಹುಣ್ಣು ಮಾಗಿತು, ಗೊರಸೂ ಕೂಡಿಕೊಂಡಿತು. ಆದರೆ ಜ್ವರ ಪೂರ್ತಿ ‘ಹೋಗಲಿಲ್ಲ’: ಆಮೇಲೆ ಪ್ರತಿ ಬೇಸಿಗೆ ಹುಣಸೆಮರದ ನೆರಳಲ್ಲೂ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಮತ್ತೆ ಗಬ್ಬ ನಿಲ್ಲಲಿಲ್ಲ.