ಉಪಯೋಗವೇನೆಂದು ಕೇಳುವ ಮುನ್ನ

13,62,79,841 ಎರಡುಗಳನ್ನು ಪರಸ್ಪರ ಗುಣಿಸಿ, ಬಂದ ಮೊತ್ತದಿಂದ ಒಂದನ್ನು ಕಳೆದರೆ ದೊರೆಯುವುದು ಒಂದು ಅವಿಭಾಜ್ಯ ಸಂಖ್ಯೆ. ಅಮೆರಿಕದ ಲ್ಯೂಕ್ ಡ್ಯುರಾಂಟ್ 2024ರ ಅಕ್ಟೋಬರಿನಲ್ಲಿ ಪತ್ತೆಹಚ್ಚಿದ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅದುವರೆಗೆ ತಿಳಿದಿದ್ದ ಅವಿಭಾಜ್ಯಗಳಿಗೆಲ್ಲ ಇದೇ ಹಿರಿದು. ಇದರಿಂದ ಪ್ರಯೋಜನವೇನು? ನೇರ ಪ್ರಯೋಜನ ಇಲ್ಲವೆಂಬುದೇ ಪ್ರಾಮಾಣಿಕ ಉತ್ತರ. ಬ್ಯಾಂಕ್ ವ್ಯವಹಾರವನ್ನು ಕಾಯುವ ಗೂಢಲಿಪಿಗೆ ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು; ಅವು ಗುಟ್ಟಾಗಿಯೂ ಇರಬೇಕು.

ಆದರೆ ಆ ಗೂಢಲಿಪಿಯ ಬೇರನ್ನು ಗಮನಿಸಿ. ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಪ್ರಮೇಯ, 1977ರಲ್ಲಿ ಆರ್‌ಎಸ್‌ಎ ವಿಧಾನಕ್ಕೆ ಆಧಾರವಾಯಿತು. ಮೂರು ಶತಮಾನ ಅದನ್ನು ಉಳಿಸಿದ್ದು ಲಾಭದ ಲೆಕ್ಕವಲ್ಲ, ಬರಿಯ ಕುತೂಹಲ.

ಅಂಥ ಕುತೂಹಲ ನಮ್ಮಲ್ಲೂ ಫಲಿಸಿದೆ. ಅವಿಭಾಜ್ಯತೆಯನ್ನು ಶೀಘ್ರವಾಗಿ, ಸಂಶಯಕ್ಕೆಡೆಯಿಲ್ಲದಂತೆ ನಿರ್ಣಯಿಸಬಹುದೆಂದು 2002ರಲ್ಲಿ ಸಾಧಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಪದವಿ ಮುಗಿಸಿದ್ದ ತರುಣರು.

ಗಣಿತವನ್ನು ಪ್ರವೇಶ ಪರೀಕ್ಷೆಯ ಏಣಿಯಾಗಿಸಿರುವ ನಾವು ಮಕ್ಕಳ ಪ್ರತಿ ಪ್ರಶ್ನೆಗೂ ಉಪಯೋಗದ ರಸೀದಿ ಕೇಳುತ್ತಿದ್ದೇವೆ. ಹಾಗೆ ಕೇಳುತ್ತ ಹೋದರೆ ಅಂಕಗಳು ದೊರೆತಾವು, ಪ್ರಮೇಯಗಳು ಹುಟ್ಟಲಾರವು.