ಮೋಟಾರಿನ ಮುಂಗವಚವೂ ಎಳೆಯುವ ಹಗ್ಗವೂ

ಗೃಹಸ್ಥನು ಮನೆಗೆ ತರುವ ಪ್ರತಿಯೊಂದು ಪದಾರ್ಥದ ವಿಷಯದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಇದರಿಂದ ನಮಗೇನು ಪ್ರಯೋಜನ? ಇದರಿಂದ ಪರರಿಗೇನು ಬಾಧೆ? ಈ ಎರಡನ್ನೇ ಹಿಡಿದು, ನಾಲ್ಕು ಚಕ್ರಗಳಿಗೂ ಯಂತ್ರಬಲವುಳ್ಳ ಭಾರಿ ಮೋಟಾರುಗಳಿಗೆ ಜೋಡಿಸುವ ಬುಲ್‌ಬಾರ್ ಮತ್ತು ವಿಂಚ್ ಎಂಬ ಉಪಕರಣಗಳನ್ನು ಈ ತಿಂಗಳು ವಿಚಾರಮಾಡಬೇಕೆಂದಿರುವೆವು. ಇದೇನು ಹೊಸ ವಿಷಯವೆಂದು ವಾಚಕ ಮಹಾಶಯರು ಆಶ್ಚರ್ಯಪಡಬಾರದು. ಕನ್ನಡಿಗರ ಮಕ್ಕಳನೇಕರು ಇಂದು ಆಸ್ಟ್ರೇಲಿಯಾದಲ್ಲಿ ನೆಲಸಿರುವರು. ಊರಿನಿಂದ ಬಂದ ತಂದೆತಾಯಿಗಳನ್ನು ಕೂರಿಸಿಕೊಂಡು ಆ ಖಂಡದ ಒಳನಾಡನ್ನು ನೋಡಿಬರುವ ಹಂಬಲವು ಅವರಿಗೆ ಸಹಜವಾದುದೇ.

ಬುಲ್‌ಬಾರ್ ಎಂಬುದು ವಾಹನದ ಮುಂಭಾಗಕ್ಕೆ ತೊಡಿಸುವ ಲೋಹದ ಕವಚ. ಆ ದೇಶದಲ್ಲಿ ಅದು ಹುಟ್ಟಿದ್ದಕ್ಕೆ ಕಾರಣವುಂಟು. ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಕಾಂಗರೂಗಳು ಮೇವಿಗೆಂದು ಹೊರಟು ದಾರಿಗೆ ಅಡ್ಡ ಹಾಯುತ್ತವೆ. ಬೇಲಿಯಿಲ್ಲದ ಬಯಲಿನಲ್ಲಿ ದನಗಳೂ ಹಾಗೆಯೇ. ಒಂದು ಪ್ರಾಣಿ ಬಡಿದು ರೇಡಿಯೇಟರ್ ಒಡೆಯಿತೆಂದರೆ ನೀರು ಸೋರಿ ಯಂತ್ರವು ನಿಂತುಹೋಗುತ್ತದೆ. ಮರ್ರೀ ಎಂಬ ಊರಿನಿಂದ ಬರ್ಡ್ಸ್‌ವಿಲ್‌ಗೆ ಹೋಗುವ ಮಣ್ಣುದಾರಿಯು 500 ಕಿಲೋಮೀಟರಿಗೂ ಮಿಕ್ಕಿದೆ. ಅಂಥ ಕಡೆ ಬೇಸಗೆಯಲ್ಲಿ ನಿಂತುಹೋಗುವುದೆಂದರೆ ಪ್ರಾಣದ ಪ್ರಶ್ನೆಯೇ ಸರಿ. ಆದರೆ ವರ್ಷವೆಲ್ಲ ಪಟ್ಟಣದ ಶಾಲೆಗೂ ಅಂಗಡಿಗೂ ಓಡಾಡುವ ಬಂಡಿಗೆ ಈ ಕವಚವು ಆಡಂಬರವಲ್ಲದೆ ಮತ್ತೇನೂ ಅಲ್ಲ.

ಬರಿಯ ಆಡಂಬರವಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಕವಚಕ್ಕೆ ದೋಷವೂ ಉಂಟು. ಈಗಿನ ಮೋಟಾರುಗಳ ಮೂತಿಯು ಹೊಡೆತ ಬಿದ್ದಾಗ ತಾನು ನಜ್ಜುಗುಜ್ಜಾಗಿ, ಒಳಗಿರುವವರಿಗೆ ತಾಗುವ ಪೆಟ್ಟನ್ನು ತಗ್ಗಿಸುವಂತೆ ರಚಿತವಾಗಿದೆ. ಗಟ್ಟಿ ಕಂಬಿಯನ್ನು ಅದರ ಮುಂದೆ ಕಟ್ಟಿದರೆ ಆ ಉಪಾಯವು ಕೆಡಬಹುದು. ಏರ್‌ಬ್ಯಾಗ್ ತೆರೆಯತಕ್ಕ ಕ್ಷಣವೂ ತಪ್ಪಬಹುದು. ಇದಕ್ಕಿಂತ ಘೋರವಾದ ಸಂಗತಿ ಇನ್ನೊಂದಿದೆ. ವಯಸ್ಕನ ತೊಡೆಗೆ ತಾಗುವ ಕಂಬಿಯು ಚಿಕ್ಕ ಮಗುವಿನ ಎದೆಗೋ ತಲೆಗೋ ತಾಗುತ್ತದೆ. ಈ ಕಾರಣದಿಂದಲೇ ಯುರೋಪಿನ ಒಕ್ಕೂಟವು 2005ರಲ್ಲಿ ಇಂಥ ಕವಚಗಳು ಪಾದಚಾರಿಗಳ ರಕ್ಷಣೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿತು. ಆಸ್ಟ್ರೇಲಿಯಾದವರೂ 2002ರಲ್ಲಿ ಇವುಗಳಿಗಾಗಿ ಒಂದು ಮಾನದಂಡವನ್ನು ಪ್ರಕಟಿಸಿದರು. ಆದಕಾರಣ ಕೊಳ್ಳುವವನು ಮೊದಲು ಕೇಳತಕ್ಕದ್ದು ಬೆಲೆಯನ್ನಲ್ಲ. ತನ್ನ ವಾಹನದ ಇದೇ ಮಾದರಿಗೆ, ಇದೇ ಏರ್‌ಬ್ಯಾಗಿಗೆ ಹೊಂದುವಂತೆ ಪರೀಕ್ಷಿಸಿ ಮಾಡಿದ ಕವಚವೇ ಎಂಬುದನ್ನು ಕೇಳಬೇಕು. ಚೂಪಾದ ಅಂಚುಗಳಿರಬಾರದು, ಮುಂದಕ್ಕೆ ಚಾಚಿಕೊಂಡಿರಬಾರದು, ದೀಪಗಳನ್ನಾಗಲಿ ಮುಂಭಾಗದ ರೇಡಾರನ್ನಾಗಲಿ ಮರೆಮಾಡಬಾರದು.

ಇನ್ನು ತೂಕದ ಲೆಕ್ಕ. ಅಡಿಗೆಮನೆಯ ಖರ್ಚನ್ನು ಬರೆದಿಡುವ ಗೃಹಿಣಿಗೆ ಇದು ಸುಲಭವಾಗಿ ತಿಳಿಯುತ್ತದೆ. ಟೊಯೋಟಾದ ಲ್ಯಾಂಡ್ ಕ್ರೂಸರ್ 300 ಎಂಬ ವಾಹನವನ್ನು ತೆಗೆದುಕೊಳ್ಳೋಣ. ಜನ, ಸಾಮಾನು ಎಲ್ಲವೂ ಸೇರಿ ಅದು ಹೊರಬಹುದಾದ ಒಟ್ಟು ಮಿತಿ ಆಸ್ಟ್ರೇಲಿಯಾದಲ್ಲಿ 3280 ಕಿಲೋ. ಬರಿಯ ವಾಹನದ ತೂಕವನ್ನು ಕಳೆದರೆ ಸುಮಾರು 700 ಕಿಲೋ ಉಳಿಯುವುದು. ಐದು ಮಂದಿ ಕುಳಿತರೆ ಅದರಲ್ಲಿ 350 ಹೋಯಿತು. ಉಕ್ಕಿನ ಕವಚವೂ ವಿಂಚೂ ಸೇರಿ 100 ಕಿಲೋವಿನ ಆಸುಪಾಸು ಆಗುತ್ತದೆ. ಕುಡಿಯುವ ನೀರು, ಹೆಚ್ಚಿನ ಇಂಧನ, ಡೇರೆ, ಪಾತ್ರೆಗಳಿಗೆ ಉಳಿದದ್ದೆಷ್ಟು? ಆ 100 ಕಿಲೋ ಪೂರ್ತಿಯಾಗಿ ಮುಂದಿನ ಅಚ್ಚಿನ ಮೇಲೆಯೇ ಬೀಳುವುದರಿಂದ ಸ್ಪ್ರಿಂಗುಗಳನ್ನೂ ಬದಲಾಯಿಸಬೇಕಾದೀತು. ಅಲ್ಯುಮಿನಿಯಮ್ಮಿನ ಕವಚವು ಹಗುರ, ತುಕ್ಕು ಹಿಡಿಯದು. ಉಕ್ಕಿನದು ಹೆಚ್ಚು ಪೆಟ್ಟು ತಡೆಯುವುದು, ಬಾಗಿದರೆ ರಿಪೇರಿಯೂ ಸುಲಭ. ವಿಂಚನ್ನು ಜೋಡಿಸುವ ಉದ್ದೇಶವಿದ್ದರೆ ಅದಕ್ಕೆ ತಕ್ಕ ಪೀಠವಿರುವ ಕವಚವನ್ನೇ ಆರಿಸಬೇಕು.

ವಿಂಚೆಂದರೆ ಹಗ್ಗ ಸುತ್ತಿದ ಉರುಳೆ. ಅದನ್ನು ವಿದ್ಯುತ್ತು ತಿರುಗಿಸುತ್ತದೆ. ಹಗ್ಗದ ತುದಿಯನ್ನು ಮರಕ್ಕೆ ಬಿಗಿದು, ಕೆಸರಿನಲ್ಲಿ ಹೂತ ಬಂಡಿಯು ತನ್ನನ್ನು ತಾನೇ ಎಳೆದುಕೊಳ್ಳುವ ಸಾಧನವಿದು. ಅದರ ಬಲವು ಬಂಡಿಯ ಒಟ್ಟು ಮಿತಿಯ ಒಂದೂವರೆ ಪಾಲಿಗೆ ಕಡಮೆಯಿರಬಾರದೆಂಬುದು ರೂಢಿಯ ಸೂತ್ರ. 3280ರ ಒಂದೂವರೆ ಪಾಲು 4920 ಕಿಲೋ. ಆದುದರಿಂದ 12,000 ಪೌಂಡ್, ಎಂದರೆ ಸುಮಾರು 5440 ಕಿಲೋ ಬಲದ ವಿಂಚು ಈ ವಾಹನಕ್ಕೆ ತಕ್ಕುದು. ಆದರೆ ಆ ಬಲವು ಉರುಳೆಯ ಮೇಲೆ ಒಂದೇ ಸುತ್ತುಪದರ ಉಳಿದಿರುವಾಗ ಮಾತ್ರ ದೊರೆಯುತ್ತದೆ. ಪದರಗಳು ಹೆಚ್ಚಿದಷ್ಟೂ ಬಲವು ಕುಂದಿ, ಹೊರಗಿನ ಪದರದಲ್ಲಿ ಸುಮಾರು ಮೂರನೆಯ ಒಂದು ಪಾಲು ನಷ್ಟವಾಗುವುದು. ಬಾವಿಯ ರಾಟೆಯಂಥ ಒಂದು ರಾಟೆಯನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಬಂಡಿಗೇ ತಂದು ಬಿಗಿದರೆ ಎಳೆತವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ, ವೇಗವು ಅರ್ಧವಾಗುತ್ತದೆ. ಪೂರ್ಣ ಭಾರದಲ್ಲಿ ಈ ಯಂತ್ರವು ಸುಮಾರು 400 ಆಂಪಿಯರ್ ವಿದ್ಯುತ್ತನ್ನು ಕುಡಿಯುವುದರಿಂದ ಎಂಜಿನ್ನು ಓಡುತ್ತಿರಬೇಕು, ನಡುನಡುವೆ ವಿಶ್ರಾಂತಿಯನ್ನೂ ಕೊಡಬೇಕು.

ಹಗ್ಗಗಳು ಎರಡು ಬಗೆ. ಉಕ್ಕಿನ ತಂತಿಯದು ಬಂಡೆಯ ಉಜ್ಜುವಿಕೆಯನ್ನೂ ಬಿಸಿಲನ್ನೂ ತಾಳುತ್ತದೆ. ಆದರೆ ಭಾರ, ಮತ್ತು ಹರಿದಾಗ ಕತ್ತಿಯಂತೆ ಬೀಸುತ್ತದೆ. ಕೃತಕ ನೂಲಿನದು ಹಗುರ, ಹರಿದರೂ ಅಷ್ಟು ರಭಸವಿಲ್ಲ. ಉಜ್ಜುವಿಕೆ, ಬಿಸಿಲು, ಶಾಖಗಳು ಅದಕ್ಕೆ ಶತ್ರುಗಳು. ಸಂಸಾರಸ್ಥರಿಗೆ ನಾವು ಎರಡನೆಯದನ್ನೇ ಸೂಚಿಸುವೆವು. ಯಾವುದೇ ಆಗಲಿ, ಬಿಗಿದ ಹಗ್ಗದ ಮೇಲೆ ಭಾರದ ಹೊದಿಕೆಯೊಂದನ್ನು ಹಾಕಿ, ಮಕ್ಕಳನ್ನೂ ಹಿರಿಯರನ್ನೂ ಹಗ್ಗದ ಉದ್ದಕ್ಕಿಂತ ದೂರದಲ್ಲಿ ನಿಲ್ಲಿಸತಕ್ಕದ್ದು. ಬಿಗಿದ ಹಗ್ಗವನ್ನು ಯಾರೂ ದಾಟಕೂಡದು. ಹಗ್ಗವನ್ನು ಮರಕ್ಕೆ ನೇರವಾಗಿ ಸುತ್ತದೆ ಅಗಲವಾದ ಪಟ್ಟಿಯನ್ನು ಬಳಸಬೇಕು. ಇನ್ನೊಂದು ವಾಹನವನ್ನು ಎಳೆಯುವಾಗ ಅದರ ಹಿಂದಿರುವ ಟ್ರೇಲರಿನ ಗುಂಡಿಗೆ ಎಂದಿಗೂ ಕಟ್ಟಬಾರದು. ಅದು ಕಿತ್ತು ಗುಂಡಿನಂತೆ ಹಾರಿ ಮನುಷ್ಯರು ಸತ್ತಿರುವುದುಂಟು.

ವಿಂಚಿದ್ದರೆ ಎಲ್ಲವೂ ಇದ್ದಂತೆಂದು ಭಾವಿಸಲಾಗದು. ದಕ್ಷಿಣ ಕರಾವಳಿಗೆ ಹತ್ತಿದ ನಲ್ಲರ್ಬಾರ್ ಬಯಲಿನ ಹೆಸರಿಗೆ ಲ್ಯಾಟಿನ್ನಿನಲ್ಲಿ ವೃಕ್ಷರಹಿತವೆಂದೇ ಅರ್ಥ. ಮರವಿಲ್ಲದ ಕಡೆ ಹಗ್ಗವನ್ನು ಯಾವುದಕ್ಕೆ ಕಟ್ಟುವುದು? ಮರಳಿನಲ್ಲಿ ಹೂತ ಬಂಡಿಗೆ ಟೈರಿನ ಗಾಳಿಯನ್ನು ತಗ್ಗಿಸುವುದೂ ಒಂದು ಗುದ್ದಲಿಯೂ ಎಷ್ಟೋ ವೇಳೆ ಸಾಕಾಗುತ್ತವೆ. ಇವುಗಳ ತೂಕವೂ ಅಲ್ಪ, ಬೆಲೆಯೂ ಅಲ್ಪ.

ನಮ್ಮ ನಾಡಿನ ತರುಣರಿಗೆ ಒಂದು ಮಾತು. ಭಾರತ ಸರಕಾರದ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ, ಇಂಥ ಕವಚಗಳ ಜೋಡಣೆಯು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣಕ್ಕೆ ವಿರುದ್ಧವೆಂದು ರಾಜ್ಯಗಳಿಗೆ ಬರೆದು, ಕ್ರಮ ಕೈಗೊಳ್ಳುವಂತೆ ಸೂಚಿಸಿತು. ನಮ್ಮ ಬೀದಿಗಳಲ್ಲಿ ಕಾಂಗರೂಗಳಿಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ಕಡೆಗೆ ನಮ್ಮ ಅಭಿಪ್ರಾಯವಿಷ್ಟು. ಒಳನಾಡಿನಲ್ಲಿ ಮೇಲಿಂದ ಮೇಲೆ ಸಂಚರಿಸುವವನು ಪರೀಕ್ಷಿತವಾದ ಕವಚವನ್ನೂ ಲೆಕ್ಕಕ್ಕೆ ಸರಿಯಾದ ವಿಂಚನ್ನೂ ಕೊಳ್ಳಲಿ. ವರ್ಷಕ್ಕೊಮ್ಮೆ ಹೋಗುವವನು ಮುಸ್ಸಂಜೆಗೆ ಮುಂಚೆಯೇ ಬಿಡಾರ ಸೇರುವ ಅಭ್ಯಾಸವನ್ನು ಮಾಡಿಕೊಳ್ಳಲಿ. ಅವನಿಗೆ ಅದೇ ದೃಢವಾದ ಕವಚ.